ಎರಡನೇ ಮಾನಿಟರ್

ಅಂಬರೀಶ್ ತೀರಿಕೊಂಡ ವಾರ ಅದು, 2018ರ ನವೆಂಬರ್. ಕಣ್ಣಿನ ಪೊರೆ ತೆಗೆಸೋಕೆ ಅಂತ ಅಪ್ಪ ಊರಿಂದ ಬಂದು ನಮ್ಮ ಮನೆಯಲ್ಲಿದ್ದರು. ಒಂದು ಕಣ್ಣಿಗೆ ಆಪರೇಷನ್ ಆಗಿತ್ತು. ಟಿವಿ ನೋಡಬೇಡಿ ಅಂತ ಡಾಕ್ಟರು ಹೇಳಿದ್ದಾರೆ ಅಂದರೆ, 'ಇನ್ನೊಂದು ಕಣ್ಣಲ್ಲಿ ನೋಡ್ತೀನಿ ಬಿಡು' ಅನ್ನೋರು. ಒಂದು ರಾತ್ರಿ 'ಅಂತ' ಹಾಕಿದ್ದರು. ಅಪ್ಪ ಕಪ್ಪು ಕನ್ನಡಕದಲ್ಲೇ ಪೂರ್ತಿ ಸಿನಿಮಾ ನೋಡಿದರು. ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅರ್ಧ ಕೆಲಸ, ಅರ್ಧ ಸಿನಿಮಾ.

1981ರ ಸಿನಿಮಾ. ಎಚ್.ಕೆ. ಅನಂತರಾವ್ ಅವರ ಕಾದಂಬರಿ, ರಾಜೇಂದ್ರಸಿಂಗ್ ಬಾಬು ನಿರ್ದೇಶನ. ಪೊಲೀಸ್ ಅಧಿಕಾರಿ ಸುಶೀಲ್ ಕುಮಾರ್ ತನ್ನಂತೆಯೇ ಇರುವ ಕನ್ವರ್‌ಲಾಲ್ ಎಂಬ ಪಾತಕಿಯ ವೇಷದಲ್ಲಿ ಶತ್ರುಗಳ ಮನೆಯೊಳಕ್ಕೇ ಹೋಗುತ್ತಾನೆ. ಒಳಗೆ ಹೋದಮೇಲೆ ಗೊತ್ತಾಗೋದು, ಊರಲ್ಲಿ ದೊಡ್ಡ ಮನುಷ್ಯರು ಅನ್ನಿಸಿಕೊಂಡವರೇ ಕಳ್ಳರು ಅಂತ. ಆ ಉಗುರು ಕೀಳುವ ದೃಶ್ಯವನ್ನು ಚಿಕ್ಕಂದಿನಲ್ಲಿ ನೋಡಿದವರು ಯಾರೂ ಮರೆತಿಲ್ಲ. ಕೊನೆಗೆ ನಾಯಕ ಕಾನೂನನ್ನು ಕೈಗೆ ತೆಗೆದುಕೊಂಡು ಲೆಕ್ಕ ಚುಕ್ತಾ ಮಾಡುತ್ತಾನೆ. ನಮಗೆ ಒಂಥರಾ ಸಮಾಧಾನ.

ಸಿನಿಮಾ ಮುಗಿಯಿತು. ಅಪ್ಪ ಕನ್ನಡಕ ಸರಿ ಮಾಡಿಕೊಂಡು ಹೇಳಿದರು: 'ಇಷ್ಟೇ ಜನ ಆಗಿದ್ದಿದ್ರೆ ಸಲೀಸಾಗ್ತಿತ್ತು ಕಣಪ್ಪ.'

ಹೇಳಿ ಮಲಗಿಬಿಟ್ಟರು. ನನಗೆ ಆ ಮಾತು ಹೋಗಲಿಲ್ಲ, ಇವತ್ತಿಗೂ ಹೋಗಿಲ್ಲ.

ಅಧಿಕಾರದ ಬಗ್ಗೆ ಬರುವ ಥ್ರಿಲ್ಲರ್ ಸಿನಿಮಾಗಳನ್ನು ನಾವು ಯಾಕೆ ಅಷ್ಟು ಇಷ್ಟಪಟ್ಟು ನೋಡ್ತೀವಿ? ಭಯ ಹುಟ್ಟಿಸುತ್ತವೆ, ಅದಕ್ಕೆ ಅಂತ ಅಂದುಕೊಂಡಿದ್ದೆ. ಅಪ್ಪನ ಮಾತು ಕೇಳಿದ ಮೇಲೆ ಅನ್ನಿಸಿದ್ದು, ಅವು ನಮ್ಮ ಭಯವನ್ನು ಸ್ವಲ್ಪ ಕಡಿಮೆಯೂ ಮಾಡುತ್ತವೆ. ನಮ್ಮನ್ನು ಆಳುವ ಆ ಕಾಣದ ವಸ್ತುವಿಗೆ ಒಂದು ಮುಖ ಕೊಡುತ್ತವೆ, ಒಂದು ಬಂಗಲೆ, ಒಂದು ಕಾರು ಕೊಡುತ್ತವೆ. ಎಲ್ಲ ಮಾಡಿದವನು ಇವನೇ ಅಂತ ಬೆರಳು ತೋರಿಸುತ್ತವೆ. ಬೆರಳು ತೋರಿಸೋಕೆ ಒಬ್ಬ ಸಿಕ್ಕರೆ ಅರ್ಧ ಭಯ ಇಳಿದ ಹಾಗೆ.

ಒಂದೊಂದು ಕಾಲಕ್ಕೆ ಒಂದೊಂದು ಮುಖ. 'ಅಂತ' ಬಂದಾಗ ತುರ್ತು ಪರಿಸ್ಥಿತಿ ಮುಗಿದು ನಾಲ್ಕು ವರ್ಷ ಆಗಿತ್ತು ಅಷ್ಟೆ. ಸರ್ಕಾರ ಅನ್ನೋದು ಮನಸ್ಸು ಮಾಡಿದರೆ ಯಾರನ್ನು ಬೇಕಾದರೂ ಒಳಗೆ ಹಾಕಬಹುದು ಅಂತ ಜನ ಕಣ್ಣಾರೆ ಕಂಡಿದ್ದರು. ಅಮೃತ್ ನಹಾಟಾ ಅವರ 'ಕಿಸ್ಸಾ ಕುರ್ಸೀ ಕಾ' ಸಿನಿಮಾದ ಪ್ರತಿಗಳನ್ನು ಆ ದಿನಗಳಲ್ಲಿ ವಶಪಡಿಸಿಕೊಂಡು ಸುಟ್ಟೇಬಿಟ್ಟರು. ಆಮೇಲೆ ಅವರು ಅದನ್ನು ಮತ್ತೆ ಚಿತ್ರೀಕರಿಸಬೇಕಾಯಿತು. ಅಂದರೆ ಭಯ ಎರಡೂ ಕಡೆ ಇತ್ತು. ನಾವು ಕುರ್ಚಿಗೆ ಹೆದರುತ್ತಿದ್ದೆವು, ಕುರ್ಚಿ ಸಿನಿಮಾಕ್ಕೆ ಹೆದರುತ್ತಿತ್ತು. 1985ರಲ್ಲಿ ಶಂಕರ್ ನಾಗ್ 'ಆಕ್ಸಿಡೆಂಟ್' ಮಾಡಿದರು. ಒಂದೂ ಹಾಡಿಲ್ಲ. ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ಕಾರು ಹರಿಯುತ್ತದೆ, ಕಾರಿನಲ್ಲಿದ್ದವನು ರಾಜಕಾರಣಿಯ ಮಗ. ಆ ರಾಜಕಾರಣಿಯಾಗಿ ಅನಂತ್ ನಾಗ್ ಕೂಗಾಡುವುದೇ ಇಲ್ಲ. ತಣ್ಣಗೆ ಮಾತಾಡಿಕೊಂಡೇ ಎಲ್ಲವನ್ನೂ ಮುಚ್ಚಿಹಾಕಲು ಹೊರಡುತ್ತಾರೆ. ಆ ತಣ್ಣನೆಯ ದನಿಯೇ ಹೆಚ್ಚು ಹೆದರಿಸುತ್ತದೆ. ಮೂರು ವರ್ಷ ಬಿಟ್ಟು, 1988ರ ಆಗಸ್ಟ್‌ನಲ್ಲಿ, ಫೋನ್ ಕದ್ದಾಲಿಕೆ ಆರೋಪದ ಗದ್ದಲದಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಸಿನಿಮಾದವರು ಯಾವುದನ್ನೂ ಗಾಳಿಯಿಂದ ಹಿಡಿದು ತರುತ್ತಿರಲಿಲ್ಲ.

ಫೋನ್ ಕದ್ದಾಲಿಕೆ ಅಂದ ತಕ್ಷಣ ಕೇಳಬೇಕಾದ ಒಂದು ಪ್ರಶ್ನೆ ಇದೆ, ನಾವು ಯಾರೂ ಕೇಳೋದಿಲ್ಲ. ಕದ್ದು ಕೇಳಿಸಿಕೊಳ್ಳಿ ಅಂತ ಆದೇಶ ಕೊಟ್ಟವರು ಯಾರು ಅಂತ ಎಲ್ಲರೂ ಕೇಳ್ತಾರೆ. ಹೆಡ್‌ಫೋನ್ ಹಾಕಿಕೊಂಡು ಕೂತು ನಿಜವಾಗಿ ಕೇಳಿಸಿಕೊಂಡವನು ಯಾರು? ಅವನು ಸಂಜೆ ಮನೆಗೆ ಹೋಗಿ ಹೆಂಡತಿಗೆ ಏನು ಹೇಳ್ತಾನೆ?

ಈ ಪ್ರಶ್ನೆಗೆ ಅಮೆರಿಕದಲ್ಲಿ ಒಂದು ಸಿನಿಮಾ ಬಂದಿದೆ. ಅಲ್ಲಿ 1970ರ ದಶಕ ಇಂಥ ಸಿನಿಮಾಗಳ ಸುಗ್ಗಿ. ವಿಯೆಟ್ನಾಂ ಯುದ್ಧ, ಕೆನಡಿ ಸೋದರರ ಕೊಲೆ, 1972ರ ವಾಟರ್‌ಗೇಟ್, ಎಲ್ಲ ಸೇರಿ ಜನಕ್ಕೆ ಸರ್ಕಾರದ ಮೇಲಿನ ನಂಬಿಕೆ ಹೋಗಿತ್ತು. 'ದಿ ಪ್ಯಾರಲಾಕ್ಸ್ ವ್ಯೂ', 'ತ್ರೀ ಡೇಸ್ ಆಫ್ ದಿ ಕಾಂಡೋರ್', 'ಆಲ್ ದಿ ಪ್ರೆಸಿಡೆಂಟ್ಸ್ ಮೆನ್', ವರ್ಷಕ್ಕೊಂದರಂತೆ ಬಂದವು. ಎಲ್ಲವೂ ಚೆನ್ನಾಗಿವೆ. ನಾನು ಹೇಳ್ತಿರೋದು ಮಾತ್ರ 1974ರಲ್ಲಿ ಫ್ರಾನ್ಸಿಸ್ ಫೋರ್ಡ್ ಕೊಪೊಲ ಮಾಡಿದ 'ದಿ ಕಾನ್ವರ್ಸೇಷನ್' ಬಗ್ಗೆ. 'ಗಾಡ್‌ಫಾದರ್' ಮಾಡಿದ ಅದೇ ಕೊಪೊಲ. ಎರಡು ಗಾಡ್‌ಫಾದರ್‌ಗಳ ನಡುವೆ ಸದ್ದಿಲ್ಲದೆ ಇದನ್ನು ಮಾಡಿದ. ಕಾನ್ ಚಿತ್ರೋತ್ಸವದಲ್ಲಿ ಆ ವರ್ಷದ ಅತ್ಯುನ್ನತ ಪ್ರಶಸ್ತಿ ಬಂತು. ಕಥೆ ಬರೆಯೋಕೆ ಶುರು ಮಾಡಿದ್ದು ವಾಟರ್‌ಗೇಟ್‌ಗಿಂತ ಎಷ್ಟೋ ವರ್ಷ ಮುಂಚೆ. ತೆರೆಗೆ ಬಂದ ನಾಲ್ಕೇ ತಿಂಗಳಿಗೆ ನಿಕ್ಸನ್ ರಾಜೀನಾಮೆ ಕೊಟ್ಟ, ಅದೂ ತಾನೇ ಮಾಡಿಸಿಟ್ಟುಕೊಂಡಿದ್ದ ಟೇಪ್‌ಗಳಿಂದಾಗಿ. ಸುದ್ದಿಗಿಂತ ಮುಂಚೆ ಸಿನಿಮಾ ಹೆದರಿತ್ತು.

ಅದರ ನಾಯಕ ಹ್ಯಾರಿ ಕಾಲ್. ಜೀನ್ ಹ್ಯಾಕ್‌ಮನ್ ಮಾಡಿದ ಪಾತ್ರ. ದುಡ್ಡು ಕೊಟ್ಟವರಿಗೆ ಬೇರೆಯವರ ಮಾತು ಕದ್ದು ರೆಕಾರ್ಡ್ ಮಾಡಿಕೊಡೋದು ಅವನ ವೃತ್ತಿ. ಆ ಕಸುಬಿನಲ್ಲಿ ಅವನನ್ನು ಮೀರಿಸಿದವರಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಯೂನಿಯನ್ ಸ್ಕ್ವೇರ್‌ನಲ್ಲಿ ಮಧ್ಯಾಹ್ನದ ಜನಜಂಗುಳಿ. ಒಂದು ಜೋಡಿ ಸುಮ್ಮನೆ ಸುತ್ತು ಹಾಕುತ್ತಾ ಮಾತಾಡುತ್ತಿದೆ. ಹ್ಯಾರಿ ಬೇರೆ ಬೇರೆ ಕಡೆ ಮೈಕ್ ಇಟ್ಟು, ಆ ಗದ್ದಲದೊಳಗಿಂದ ಇಬ್ಬರ ಮಾತನ್ನು ಮಾತ್ರ ಸೋಸಿ ತೆಗೆಯುತ್ತಾನೆ. ಇವರು ಏನು ಮಾತಾಡ್ತಿದ್ದಾರೆ ಅಂತ ಅವನ ಸಹಾಯಕ ಕುತೂಹಲದಿಂದ ಕೇಳಿದರೆ ಹ್ಯಾರಿಗೆ ಸಿಟ್ಟು ಬರುತ್ತದೆ. ಅದು ನಮ್ಮ ತಲೆನೋವಲ್ಲ, ರೆಕಾರ್ಡಿಂಗ್ ಚೆನ್ನಾಗಿ ಬಂದರೆ ಸಾಕು ಅನ್ನೋದು ಅವನ ನಿಲುವು.

ನಮ್ಮ ಆಫೀಸಿನಲ್ಲಿ ದಿನಾ ಬೆಳಿಗ್ಗೆ ಸ್ಟ್ಯಾಂಡಪ್‌ನಲ್ಲಿ ನಿಂತುಕೊಂಡು ನಾವು ಹೇಳೋದೂ ಇದನ್ನೇ ಅಲ್ವಾ?

ಆ ರೆಕಾರ್ಡಿಂಗ್‌ನಲ್ಲಿ ಒಂದು ವಾಕ್ಯ ಇದೆ. ಹುಡುಗ ಹುಡುಗಿಗೆ ಹೇಳೋದು, ತಮ್ಮನ್ನು ಯಾರೋ ಕೊಲ್ಲಬಹುದು ಅಂತ. ಹ್ಯಾರಿ ಅದನ್ನು ಮತ್ತೆ ಮತ್ತೆ ಕೇಳ್ತಾನೆ. ಹಿಂದೊಮ್ಮೆ ಅವನ ಒಂದು ರೆಕಾರ್ಡಿಂಗ್‌ನಿಂದ ಮೂವರ ಕೊಲೆ ಆಗಿರುತ್ತದೆ. ಆ ಪಾಪದ ಹೊರೆ ಅವನಲ್ಲಿದೆ. ಈ ಸಲ ಈ ಜೋಡಿಯನ್ನು ಉಳಿಸಬೇಕು ಅಂತ ಒದ್ದಾಡ್ತಾನೆ. ಕೊನೆಗೆ ಗೊತ್ತಾಗೋದು, ಸಾಯೋದು ಆ ಜೋಡಿಯಲ್ಲ. ಟೇಪ್ ಮಾಡಿಸಿದ ಯಜಮಾನನನ್ನೇ ಅವರು ಕೊಂದಿರ್ತಾರೆ. ಅದೇ ವಾಕ್ಯ, ಒತ್ತು ಮಾತ್ರ ಬೇರೆ ಪದದ ಮೇಲಿತ್ತು. ಅವನು ನಮ್ಮನ್ನು ಕೊಲ್ಲುತ್ತಾನೆ ಅನ್ನುವ ಭಯವಾಗಿ ಕೇಳಿಸಿದ್ದು, ಅವನೇ ನಮ್ಮನ್ನು ಕೊಲ್ಲುವಂಥವನು, ಆದ್ದರಿಂದ ನಾವೇ ಮುಂದಾಗೋಣ ಅನ್ನುವ ಸಮರ್ಥನೆಯಾಗಿತ್ತು. ರೆಕಾರ್ಡಿಂಗ್‌ನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಕೇಳಿಸಿಕೊಂಡಿದ್ದು ಪೂರ್ತಿ ತಪ್ಪಾಗಿತ್ತು.

ಈ ಸಿನಿಮಾ ನಾನು ನೋಡಿದ್ದು ಅಪ್ಪ ಊರಿಗೆ ವಾಪಸ್ ಹೋದಮೇಲೆ. ನೋಡುವಾಗ ಒತ್ತು ಬದಲಾಗುವ ಆ ಜಾಗದಲ್ಲಿ ಎದೆ ಧಸಕ್ ಅಂತು. ಯಾಕೆ ಅಂತ ಹೇಳೋಕೆ ನನ್ನದೇ ಒಂದು ಕತೆ ಹೇಳಬೇಕು.

ಆಗ ನಾನಿದ್ದ ಕಂಪನಿ ಫೀಲ್ಡ್ ಸಿಬ್ಬಂದಿಗಾಗಿ ಒಂದು ಆ್ಯಪ್ ಮಾಡುತ್ತಿತ್ತು. ಮನೆಮನೆಗೆ ಹೋಗಿ ಸಾಲದ ಕಂತು ವಸೂಲಿ ಮಾಡುವವರು, ನೀರಿನ ಫಿಲ್ಟರ್ ರಿಪೇರಿಗೆ ಬರುವವರು, ಅಂಥವರ ಮೊಬೈಲ್‌ನಲ್ಲಿ ಅದು ಇರುತ್ತದೆ. ಐದು ನಿಮಿಷಕ್ಕೊಮ್ಮೆ ಅವರು ಎಲ್ಲಿದ್ದಾರೆ ಅಂತ ಮ್ಯಾಪ್ ಮೇಲೆ ಒಂದು ಚುಕ್ಕಿ. ಒಂದೇ ಜಾಗದಲ್ಲಿ ಮುಕ್ಕಾಲು ಗಂಟೆಗಿಂತ ಹೆಚ್ಚು ನಿಂತರೆ ಚುಕ್ಕಿ ಕೆಂಪಾಗುತ್ತದೆ. ಸೂಪರ್‌ವೈಸರ್‌ಗೆ ಕಾಣುವ ಹೆಸರು 'ಐಡಲ್'. ಆ ಕೆಂಪು ಮಾಡುವ ಕೋಡ್ ಬರೆದವನು ನಾನು. ಬ್ಯಾಟರಿ ಹೆಚ್ಚು ತಿನ್ನದ ಹಾಗೆ ಬರೆದೆ ಅಂತ ಆ ತಿಂಗಳು ನನಗೆ ಗಿಫ್ಟ್ ವೋಚರ್ ಕೊಟ್ಟರು. ಅದರಲ್ಲಿ ಅಮ್ಮನಿಗೆ ಮಿಕ್ಸಿ ಕೊಡಿಸಿದೆ.

ಒಂದು ದಿನ ಒಂದು ಟಿಕೆಟ್ ಬಂತು. 'ಲೊಕೇಶನ್ ತಪ್ಪು ತೋರಿಸುತ್ತಿದೆ ಎಂದು ಸಿಬ್ಬಂದಿಯ ದೂರು, ಪರಿಶೀಲಿಸಿ.' ಮೂರು ದಿನದ ಲಾಗ್ ತೆಗೆದೆ. ಮೂರೂ ದಿನ ಮಧ್ಯಾಹ್ನ ಎರಡೆರಡು ಗಂಟೆ ಒಂದೇ ಜಾಗದಲ್ಲಿ ಕೆಂಪು ಚುಕ್ಕಿ. ಜಿಪಿಎಸ್ ಸರಿಯಾಗಿದೆ, ಟವರ್ ಲೆಕ್ಕವೂ ತಾಳೆಯಾಗುತ್ತಿದೆ. ಹದಿನೈದು ನಿಮಿಷದ ಕೆಲಸ. 'ಸಿಸ್ಟಂನಲ್ಲಿ ದೋಷವಿಲ್ಲ' ಅಂತ ಬರೆದು ಟಿಕೆಟ್ ಕ್ಲೋಸ್ ಮಾಡಿ ಊಟಕ್ಕೆ ಹೋದೆ.

ಕೆಲವು ವಾರ ಬಿಟ್ಟು ಒಂದು ಡೆಮೋಗೆ ಸ್ಯಾಂಪಲ್ ಡೇಟಾ ಬೇಕಾಯಿತು. ಕೆಂಪು ಚುಕ್ಕಿ ಚೆನ್ನಾಗಿ ಕಾಣೋ ಲಾಗ್ ಯಾವುದು ಅಂದರೆ ಅದೇ ನೆನಪಾಯಿತು. ಮ್ಯಾಪ್ ಝೂಮ್ ಮಾಡಿದೆ. ಆ ಚುಕ್ಕಿ ಇದ್ದಿದ್ದು ಒಂದು ಸರ್ಕಾರಿ ಆಸ್ಪತ್ರೆಯ ಮೇಲೆ. ಹಳೇ ಟಿಕೆಟ್ ತೆರೆದು, ಅದಕ್ಕೆ ಅಂಟಿಸಿದ್ದ ಆ ಹುಡುಗನ ಮೂಲ ಮೆಸೇಜ್ ಆಗ ಮೊದಲ ಸಲ ಓದಿದೆ. ಕನ್ನಡದಲ್ಲೇ ಇತ್ತು: 'ನಾನು ಅಲ್ಲಿ ಸುಮ್ನೆ ಕೂತಿರ್ಲಿಲ್ಲ ಸಾರ್.'

ಆ ವಾಕ್ಯವನ್ನು ನೀವೂ ಒಂದು ಸಲ ಜೋರಾಗಿ ಓದಿ ನೋಡಿ. 'ಅಲ್ಲಿ' ಮೇಲೆ ಒತ್ತು ಹಾಕಿದರೆ ಲೊಕೇಶನ್ ತಪ್ಪು ಅಂದ ಹಾಗೆ. 'ಸುಮ್ನೆ' ಮೇಲೆ ಒತ್ತು ಹಾಕಿದರೆ, ಅಲ್ಲೇ ಇದ್ದೆ, ಆದರೆ ಸೋಮಾರಿಯಾಗಿ ಕೂತಿರಲಿಲ್ಲ ಅಂದ ಹಾಗೆ. ಸಪೋರ್ಟ್ ಟೀಮಿನವರು 'ಅಲ್ಲಿ' ಅಂತ ಓದಿ ಟಿಕೆಟ್ ಮಾಡಿದರು. ನಾನು ಆ ಮೆಸೇಜನ್ನು ಓದಲೇ ಇಲ್ಲ. ಸಪೋರ್ಟಿನ ಹುಡುಗನನ್ನು ಕೇಳಿದೆ. 'ಅವನಾ? ತೆಗೆದುಬಿಟ್ರಲ್ಲ. ಸಿಸ್ಟಂ ಸರಿ ಇದೆ ಅಂತ ನೀವು ಹೇಳಿದ್ಮೇಲೆ ಇನ್ನೇನು' ಅಂದ. ಆಸ್ಪತ್ರೆಯಲ್ಲಿ ಯಾರಿದ್ದರೋ, ಏನಾಗಿತ್ತೋ ನನಗೆ ಗೊತ್ತಿಲ್ಲ. ನನ್ನ ಡೇಟಾದಲ್ಲಿ ಒಂದು ಮೀಟರ್ ತಪ್ಪಿರಲಿಲ್ಲ.

ಇಲ್ಲಿ ಖಳನಾಯಕ ಯಾರು? ನಾನೂ ಹುಡುಕಿದ್ದೇನೆ. ಸೂಪರ್‌ವೈಸರ್‌ಗೆ ಮೇಲಿನವರ ಟಾರ್ಗೆಟ್. ಮೇಲಿನವರಿಗೆ ಅವರ ಮೇಲಿನವರ ಟಾರ್ಗೆಟ್. ಸಪೋರ್ಟಿನ ಹುಡುಗನಿಗೆ ದಿನಕ್ಕೆ ಇಷ್ಟು ಟಿಕೆಟ್ ಅಂತ ಲೆಕ್ಕ. ನನಗೆ ಸ್ಪ್ರಿಂಟ್. ಬಂಗಲೆಯಲ್ಲಿ ಬೆಕ್ಕಿನ ತಲೆ ಸವರುತ್ತಾ ಕೂತ ಒಬ್ಬನೂ ಸಿಗಲಿಲ್ಲ. ಎಲ್ಲರೂ ಅವರವರ ಕೆಲಸವನ್ನು ಚೆನ್ನಾಗಿ ಮಾಡಿದ್ದರು. 'ಇಷ್ಟೇ ಜನ ಆಗಿದ್ದಿದ್ರೆ' ಅಂತ ಅಪ್ಪ ಹೇಳಿದ್ದು ಇದನ್ನೇ ಇರಬೇಕು.

ಅಪ್ಪನಿಗೆ ಇದು ಹೇಗೆ ಗೊತ್ತು ಅಂದರೆ, ಅವರು ಪಹಣಿ ಕಾಲದ ಮನುಷ್ಯ. ಶಾನುಭೋಗಿಕೆ ಹೋಗಿ ದಶಕಗಳಾಗಿದ್ದರೂ ನಮ್ಮೂರಲ್ಲಿ ಗ್ರಾಮ ಲೆಕ್ಕಿಗರನ್ನು ಶಾನುಭೋಗರು ಅಂತಲೇ ಕರೀತಿದ್ದರು. ನಮ್ಮ ಹೊಲದ ಪಹಣಿಯಲ್ಲಿ ಸಾಗುವಳಿದಾರರ ಕಾಲಂನಲ್ಲಿ ಒಂದು ವರ್ಷ ಯಾರದ್ದೋ ಹೆಸರು ಸೇರಿಕೊಂಡಿತ್ತು. ಅದನ್ನು ತೆಗೆಸೋಕೆ ಅಪ್ಪ ಎರಡು ವರ್ಷ ಅಲೆದರು. ಲೆಕ್ಕಿಗರು ಕೆಟ್ಟವರೇನಲ್ಲ, ನಮ್ಮ ಮನೆಯಲ್ಲೇ ಕಾಫಿ ಕುಡಿದು ಹೋಗೋರು. 'ನಾನು ಬರೆಯೋನು ಅಷ್ಟೇ ಗೌಡ್ರೆ, ಮೇಲಿಂದ ಬಂದಿದ್ದು ಬರೀತೀನಿ' ಅನ್ನೋರು. ಅವರ ಬಟ್ಟೆ ಚೀಲದಲ್ಲಿದ್ದ ಪುಸ್ತಕವನ್ನು ಅಪ್ಪ ಒಂದು ಸಲವೂ ತೆರೆದು ನೋಡಲಾಗಲಿಲ್ಲ. ತನ್ನದೇ ಹೊಲದ ಬಗ್ಗೆ ಬರೆದಿದ್ದನ್ನು ತಾನು ನೋಡುವಂತಿಲ್ಲ. ಅಧಿಕಾರ ಅಂದರೆ ಅಪ್ಪನಿಗೆ ಆ ಚೀಲ.

ಆಮೇಲೆ 'ಭೂಮಿ' ಬಂತು. ಸುಮಾರು 2 ಕೋಟಿ ಪಹಣಿ ದಾಖಲೆ, 67 ಲಕ್ಷ ರೈತರದ್ದು, ಕಂಪ್ಯೂಟರಿಗೆ ಹೋಯಿತು. ತಾಲ್ಲೂಕು ಆಫೀಸಿನ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್. ಅಪ್ಪ ಮೊದಲ ಸಲ ಹೋದಾಗ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಆ ಕೌಂಟರಿನಲ್ಲಿ ಎರಡು ಮಾನಿಟರ್ ಇತ್ತು. ಒಂದು ಆಪರೇಟರ್ ಕಡೆಗೆ, ಇನ್ನೊಂದು ಜನರ ಕಡೆಗೆ ತಿರುಗಿಸಿಟ್ಟದ್ದು. ಒಳಗಿರುವವನು ಏನು ಒತ್ತುತ್ತಿದ್ದಾನೆ ಅಂತ ಹೊರಗೆ ನಿಂತವನಿಗೂ ಕಾಣಬೇಕು ಅಂತ ಆ ವ್ಯವಸ್ಥೆ. ಅಪ್ಪ ಆ ಪರದೆಗೆ ಮುಖ ತಾಗಿಸುವಷ್ಟು ಹತ್ತಿರ ಬಗ್ಗಿ ತಮ್ಮ ಹೆಸರು ಓದಿದರು. ನಾನು ಕಂಪ್ಯೂಟರ್ ಸೈನ್ಸ್ ತಗೊಂಡು ಬಿ.ಇ. ಮಾಡ್ತೀನಿ ಅಂತ ಹಠ ಹಿಡಿದಾಗ ಅವರು ಸಾಲ ಮಾಡಿ ಸೇರಿಸಿದ್ದಕ್ಕೆ ಆ ಪರದೆಯೂ ಒಂದು ಕಾರಣ ಅಂತ ನನ್ನ ನಂಬಿಕೆ.

ಅದೇ ಅಪ್ಪನ ಮಗ ಬರೆದ ಆ್ಯಪ್‌ನಲ್ಲಿ ಎರಡನೇ ಮಾನಿಟರ್ ಇರಲಿಲ್ಲ. ಸೂಪರ್‌ವೈಸರ್‌ಗೆ ಚುಕ್ಕಿ ಕಾಣುತ್ತಿತ್ತು, ಚುಕ್ಕಿಯಾದವನಿಗೆ ಕಾಣುತ್ತಿರಲಿಲ್ಲ. ತಾನು ಯಾವಾಗ ಕೆಂಪಾದೆ ಅಂತ ಆ ಹುಡುಗನಿಗೆ ಗೊತ್ತಿರಲಿಲ್ಲ. ಯಾಕೆ ಕೆಂಪಾದೆ ಅಂತ ಬರೆಯೋಕೆ ಜಾಗವೂ ಇರಲಿಲ್ಲ. ಲೆಕ್ಕಿಗರ ಬಟ್ಟೆ ಚೀಲವನ್ನು ನಾನು ಕ್ಲೌಡ್‌ಗೆ ಹಾಕಿದ್ದೆ ಅಷ್ಟೆ.

ಈ ಮಾತಿಗೆ ನನ್ನ ಟೀಮಿನ ಗೆಳೆಯರು ಹೇಳುವ ಉತ್ತರಗಳು ನನಗೆ ಗೊತ್ತು. ಮೊದಲನೆಯದು, ಚಾಕು ಮಾಡಿದವನದ್ದು ತಪ್ಪೋ, ಚುಚ್ಚಿದವನದ್ದೋ? ಚಾಕುವಿಗೆ ಅದು ಸರಿ. ಚಾಕು ಮಾಡುವವನಿಗೆ ಯಾರು ಯಾರಿಗೆ ಚುಚ್ಚುತ್ತಾರೆ ಅಂತ ಗೊತ್ತಿರಲ್ಲ. ನಮಗೆ ಕೊಡುವ ರಿಕ್ವೈರ್‌ಮೆಂಟ್ ಡಾಕ್ಯುಮೆಂಟಿನಲ್ಲಿ ಯಾರು ಯಾರನ್ನು ನೋಡಬೇಕು, ಯಾರು ಏನನ್ನು ನೋಡಬಾರದು ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ಓದಿಯೇ ಕೋಡ್ ಬರೀತೀವಿ. ಎರಡನೆಯದು, ನಾನು ಮಾಡದಿದ್ದರೆ ಪಕ್ಕದವನು ಮಾಡ್ತಾನೆ. ನಿಜ. ಆದರೆ ಪಕ್ಕದವನೂ ಹಾಗೇ ಅಂದುಕೊಂಡಿರ್ತಾನೆ, ಅದಕ್ಕೇ ಅದು ನಿಜ ಆಗಿರೋದು. ಮೂರನೆಯದು, ಇಎಂಐ. ಇದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ನನಗೂ ಇದೆ. ಕೆಲಸ ಬಿಟ್ಟು ಹೊರಗೆ ಬನ್ನಿ ಅಂತ ಹೇಳುವ ಯೋಗ್ಯತೆ ನನಗಿಲ್ಲ, ನಾನೂ ಬಿಡಲಿಲ್ಲ.

ಹಾಗಾದರೆ ಹೆಡ್‌ಫೋನ್ ಹಾಕಿಕೊಂಡವನು ಏನು ಮಾಡಬಹುದು? 2006ರಲ್ಲಿ ಬಂದ ಜರ್ಮನ್ ಸಿನಿಮಾ 'ದಿ ಲೈವ್ಸ್ ಆಫ್ ಅದರ್ಸ್' ಒಂದು ಉತ್ತರ ಕೊಡುತ್ತದೆ. ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಅಧಿಕಾರಿಯೊಬ್ಬ ಒಬ್ಬ ನಾಟಕಕಾರನ ಮನೆಯ ಮಾತುಗಳನ್ನು ಕದ್ದು ಕೇಳುತ್ತಾ ಕೇಳುತ್ತಾ ಬದಲಾಗುತ್ತಾನೆ. ಸುಳ್ಳು ವರದಿ ಬರೆದು ಅವನನ್ನು ಉಳಿಸುತ್ತಾನೆ. ನೋಡುವಾಗ ಕಣ್ಣು ತುಂಬುತ್ತದೆ. ಆದರೆ ಅಂಥ ಅಧಿಕಾರಿಗಳು ನಿಜದಲ್ಲಿ ಇರಲಿಲ್ಲ ಅಂತ ಜರ್ಮನಿಯಲ್ಲೇ ಟೀಕೆ ಬಂತು. ನನಗೂ ಅದು ಸ್ವಲ್ಪ ಸಿಹಿ ಹೆಚ್ಚಾದ ಪಾಯಸ ಅನ್ನಿಸಿತು. 'ಅಂತ' ನಮಗೆ ಎಣಿಸಿ ಮುಗಿಸಬಹುದಾದ ಖಳರನ್ನು ಕೊಟ್ಟರೆ, ಇದು ನಮ್ಮೊಳಗೊಬ್ಬ ನಾಯಕನನ್ನು ಕೊಡುತ್ತದೆ. ಎರಡೂ ಸಮಾಧಾನವೇ. ಹ್ಯಾರಿಗೆ ಆ ಭಾಗ್ಯ ಇಲ್ಲ. ಕೊನೆಯಲ್ಲಿ ಅವನ ಮನೆಗೇ ಯಾರೋ ಮೈಕ್ ಇಟ್ಟಿರ್ತಾರೆ. ನೆಲದ ಹಲಗೆ ಕಿತ್ತು, ಗೋಡೆ ಕೆರೆದು ಹುಡುಕಿದರೂ ಸಿಗಲ್ಲ. ಪಾಳುಬಿದ್ದ ಮನೆಯಲ್ಲಿ ಒಬ್ಬನೇ ಕೂತು ಸ್ಯಾಕ್ಸೊಫೋನ್ ನುಡಿಸ್ತಾನೆ.

ಈ ವಿಚಾರದಲ್ಲಿ ನಮ್ಮ ಊರಿನವರೇ ಒಬ್ಬರನ್ನು ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಇದರಲ್ಲಿ ಗನ್ನಿಲ್ಲ, ಚೇಸ್ ಇಲ್ಲ, ಐದು ವರ್ಷದ ಕಾಗದಪತ್ರ. ಇದನ್ನು ಸಿನಿಮಾ ಮಾಡಿದರೆ ಯಾರೂ ನೋಡಲ್ಲ. ಆದರೆ ಮುಂದೆ ಯಾವ ಚುಕ್ಕಿಯಾದರೂ ನನ್ನನ್ನು ಯಾಕೆ ನೋಡ್ತೀರಿ ಅಂತ ಕೇಳಬೇಕಾದರೆ ಆ ತೀರ್ಪನ್ನು ಹಿಡಿದುಕೊಂಡೇ ಕೇಳಬೇಕು.

ನಾನು ಮಾಡಿದ್ದು ಬಹಳ ಸಣ್ಣದು. ಮುಂದಿನ ಪ್ಲ್ಯಾನಿಂಗ್ ಮೀಟಿಂಗಿನಲ್ಲಿ ಎರಡು ವಿಷಯ ಹೇಳಿದೆ. ಒಂದು, ತನ್ನ ಚುಕ್ಕಿಗಳನ್ನು ಸಿಬ್ಬಂದಿಯೂ ನೋಡುವಂತಿರಬೇಕು. ಎರಡು, ಕೆಂಪಾದ ಚುಕ್ಕಿಯ ಪಕ್ಕ ಕಾರಣ ಬರೆಯಲು ಅವನಿಗೊಂದು ಜಾಗ ಬೇಕು. ಮೊದಲನೆಯದು ಮೂರು ತಿಂಗಳಲ್ಲಿ ಆಯಿತು. ಎರಡನೆಯದು ನಾನು ಆ ಕಂಪನಿ ಬಿಡುವವರೆಗೂ ಬ್ಯಾಕ್‌ಲಾಗ್‌ನಲ್ಲೇ ಇತ್ತು. ಈಗಿನ ಕಂಪನಿಯಲ್ಲಿ ಯಾವುದೇ ಫೀಚರ್ ಬಂದಾಗ ನನ್ನದೊಂದು ಪ್ರಶ್ನೆ ಇರುತ್ತದೆ: ಇದರ ಎರಡನೇ ಮಾನಿಟರ್ ಎಲ್ಲಿ? ಟೀಮಿನವರು ನಗ್ತಾರೆ. ಕೆಲವು ಸಲ ಇಡ್ತಾರೆ ಕೂಡ.

ಹೋದ ಹಬ್ಬಕ್ಕೆ ಊರಿಗೆ ಹೋದಾಗ ಜಗಲಿಯಲ್ಲಿ ಕೂತು ಅಪ್ಪನಿಗೆ ಇದೆಲ್ಲ ಹೇಳಿದೆ. ಆ್ಯಪ್, ಚುಕ್ಕಿ, ಆಸ್ಪತ್ರೆ, ಎಲ್ಲ. ಹ್ಯಾರಿಯ ಕತೆಯನ್ನೂ ಹೇಳಿದೆ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಪೂರ್ತಿ ಕೇಳಿಸಿಕೊಂಡರು. ಮಗ ಎಷ್ಟು ಯೋಚನೆ ಮಾಡ್ತಾನೆ ಅಂತ ಒಂದು ಒಳ್ಳೇ ಮಾತಾಡಬಹುದು ಅಂತ ಕಾಯ್ತಿದ್ದೆ.

'ಆ ಹುಡುಗನಿಗೆ ಒಂದು ಫೋನ್ ಮಾಡಿದ್ಯಾ?' ಅಂದರು.

ನಂಬರ್ ಟಿಕೆಟಿನಲ್ಲೇ ಇತ್ತು. ನಾನು ಮಾಡಿರಲಿಲ್ಲ.